ಮನೆಯಲ್ಲಿ ಯಾರೂ ಇಲ್ಲ

ಏಪ್ರಿಲ್ 2, ಮಂಗಳವಾರ, ಮಧ್ಯಾಹ್ನ 1.20. ಠಾಣೆಗೆ ಬಂದ ದೂರು ಒಂದೇ ಪುಟದ್ದು. ಮನೆಯಲ್ಲೇ ಉಳಿದು ಕೆಲಸ ಮಾಡುವ ಹೆಂಗಸು ಕಳ್ಳತನ ಮಾಡಿ, ಎರಡನೆಯ ಮಹಡಿಯ ಬಾಲ್ಕನಿಯಿಂದ ಹಾರಿದ್ದಾಳೆ, ಕಾಲು ಮುರಿದುಕೊಂಡು ಸರ್ಕಾರಿ ಆಸ್ಪತ್ರೆಯಲ್ಲಿದ್ದಾಳೆ, ಬಂಧಿಸಬೇಕು. ದೂರು ತಂದವರು ಮನೆಯ ಯಜಮಾನಿ, ಒಂದು ಕಂಪನಿಯ ಜಾಹೀರಾತು ವಿಭಾಗದ ಮುಖ್ಯಸ್ಥೆ.

"ಏನು ಕಳೆದಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಇನ್ನೂ ನೋಡಿಲ್ಲ."

"ನೋಡದೇನೇ ಕಳ್ಳತನ ಅಂತ ಬರೆದಿದ್ದೀರಿ."

"ಕದಿಯದೆ ಇರೋರು ಬಾಲ್ಕನಿಯಿಂದ ಯಾಕ್ರೀ ಹಾರ್ತಾರೆ? ಬಾಗಿಲು ಇರ್ಲಿಲ್ವಾ?"

ಹೆಡ್ ಕಾನ್‌ಸ್ಟೇಬಲ್ ತಲೆಯೆತ್ತಿದರು. ಮುತ್ತಿನಂಥ ಅಕ್ಷರದಿಂದಾಗಿ ಠಾಣೆಯಲ್ಲಿ ಅವರಿಗೆ 'ಪಂಚನಾಮೆ ಮಾವ' ಎಂದೇ ಹೆಸರು.

"ಕೊನೇ ಪ್ರಶ್ನೆ ಚೆನ್ನಾಗಿದೆ ಸಾರ್. ಬರ್ಕೊಳ್ಲಾ?"

"ಬರ್ಕೊಳ್ಳಿ."

2.45. ಆಸ್ಪತ್ರೆಯ ವಾರ್ಡು. ಕೆಲಸದಾಕೆಯ ಬಲಗಾಲಿಗೆ ಸೊಂಟದವರೆಗೆ ಪಟ್ಟಿ. ಚೀಲದಲ್ಲಿ ಹಳೆಯ ಮೊಬೈಲ್, ಬಸ್ ಪಾಸ್, ಒಂದು ಕರವಸ್ತ್ರ.

"ಹನ್ನೊಂದು ಹತ್ತಕ್ಕೆ ಫೋನ್ ಬಂತು ಸಾರ್. ನಮ್ಮನೆಯವರು ಗೋಡೆಗೆ ಬಣ್ಣ ಹೊಡೀತಾ ಮೇಲಿಂದ ಬಿದ್ದಿದ್ದಾರೆ, ಬೇಗ ಬಾ ಅಂದ್ರು."

"ಬಾಗಿಲು?"

"ತೆರೀಲಿಲ್ಲ. ಒಳಗಡೆ ಗುಂಡಿ ಇದೆಯಲ್ಲ, ಒತ್ತಿ ಒತ್ತಿ ಸಾಕಾಯ್ತು. ಕೆಟ್ಟಿದೆ, ರಿಪೇರಿಗೆ ಹೇಳಿದೀನಿ ಅಂತ ಅಮ್ಮಾವ್ರು ಮೂರು ವಾರದಿಂದ ಹೇಳ್ತಿದ್ರು. ಅವ್ರಿಗೂ ಫೋನ್ ಮಾಡ್ದೆ. ಎತ್ತಲಿಲ್ಲ."

ಗಂಡ ತೀರಿಕೊಂಡದ್ದು 11.55ಕ್ಕೆ, ಇದೇ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ. ಆಕೆಯನ್ನು ಆಂಬುಲೆನ್ಸ್ ಇಲ್ಲಿಗೆ ತಂದದ್ದು 12.15ಕ್ಕೆ.

"ಆ ಮನೆಯಿಂದ ಇಲ್ಲಿಗೆ ಬಸ್ಸಲ್ಲಾದ್ರೂ ಇಪ್ಪತ್ತೇ ನಿಮಿಷ," ಎಂದಳು. ಅಳಲಿಲ್ಲ.

4.00. ಇಬ್ಬರು ಪಂಚರ ಸಮಕ್ಷಮ ಮನೆಯಲ್ಲಿ ಪಂಚನಾಮೆ. ಮುಂಬಾಗಿಲಿಗೆ ಯಜಮಾನಿಯ ಫೋನಿಗೆ ಜೋಡಿಸಿದ ವಿದ್ಯುತ್ ಬೀಗ. ಅದನ್ನು ಅಳವಡಿಸಿದ ಮೆಕ್ಯಾನಿಕ್‌ನನ್ನು ಕರೆಸಲಾಗಿತ್ತು.

"ಯಂತ್ರದ ದೋಷ. ಬೇಕಾದ್ರೆ ಪರೀಕ್ಷೆ ಮಾಡಿ," ಎಂದು ಯಜಮಾನಿ ತಮ್ಮ ಫೋನನ್ನೇ ಕೊಟ್ಟರು. ಮಾವ ಅದನ್ನು ಹಿಡಿದು ಬೀದಿಯ ಕೊನೆಯವರೆಗೆ ನಡೆದರು. ಬೀಗ ಟಕ್ಕೆಂದಿತು. ಇನ್‌ಸ್ಪೆಕ್ಟರ್ ಒಳಗಿನ ಗುಂಡಿ ಒತ್ತಿದರು. ಬಾಗಿಲು ಅಲುಗಲಿಲ್ಲ. ಮಾವನ ಕರೆ ಬಂತು.

"ಎರಡು ಮೆಸೇಜ್ ಬಂತು ಸಾರ್. ಮೊದಲನೇದು, ಮನೆಯಲ್ಲಿ ಯಾರೂ ಇಲ್ಲ. ಎರಡನೇದು, ಒಳಗಿನ ಗುಂಡಿ ಒತ್ತಲಾಗಿದೆ."

"ಐದು ಜನ ಇದ್ದೀವಲ್ರೀ ಇಲ್ಲಿ!"

"ಫೋನ್ ನನ್ನ ಹತ್ರ ಇದೆಯಲ್ಲ. ಇದರ ಲೆಕ್ಕಕ್ಕೆ ನೀವ್ಯಾರೂ ಮನುಷ್ಯರೇ ಅಲ್ಲ ಸಾರ್, ಬೇಜಾರ್ ಮಾಡ್ಕೋಬೇಡಿ."



ಮಾವ ವಾಪಸ್ ತಂದ ಫೋನ್ ನೋಡಿ ಮೆಕ್ಯಾನಿಕ್ ವಿವರಿಸಿದ. "ನಾನು ಹಾಕಿದಾಗ ಗುಂಡಿ ಒತ್ತಿದ್ರೆ ತೆರೀತಿತ್ತು. ಆಮೇಲೆ ಬೀಗವನ್ನ ಒಂದು ವೆಬ್ ಸೇವೆಗೆ ಜೋಡಿಸಿದ್ದಾರೆ. ಇಂಥದ್ದಾದ್ರೆ ಇಂಥದ್ದು ಮಾಡು ಅಂತ ಅದಕ್ಕೆ ಹೇಳಿಡಬಹುದು. ಇಲ್ಲಿ ಹೇಳಿಟ್ಟಿರೋದು ಹೀಗೆ: ನನ್ನ ಫೋನ್ ಮನೆಯಿಂದ ದೂರ ಹೋದ್ರೆ ಬೀಗ ಹಾಕು. ಒಳಗಿಂದ ಗುಂಡಿ ಒತ್ತಿದ್ರೆ ತೆರೀಬೇಡ, ನನಗೆ ತಿಳಿಸು."

"ರಿಪೇರಿಗೆ ಕರೆದಿದ್ರಾ?"

"ಒಂದ್ಸಲಾನೂ ಇಲ್ಲ."

"ಎಲ್ಲಾ ಆಟೊಮ್ಯಾಟಿಕ್ ಸಾರ್," ಯಜಮಾನಿ ನಡುವೆ ಬಾಯಿ ಹಾಕಿದರು. "ನಾನು ಆಫೀಸಲ್ಲಿದ್ದೆ. ನಾನೇನು ಮಾಡಿದೆ?"

ವೆಬ್ ಸೇವೆ ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ದಾಖಲಿಸುತ್ತದೆ. 4.40ಕ್ಕೆ ಆ ದಾಖಲೆ ತೆರೆಸಲಾಯಿತು. 11.12ರಿಂದ 11.48ರವರೆಗೆ ಗುಂಡಿ ಒತ್ತಿದ್ದು ಹದಿನಾಲ್ಕು ಸಲ. ಒಂಬತ್ತನೆಯ ಸಲದ ನಂತರ, 11.31ಕ್ಕೆ, ಬೇರೆಯದೇ ಒಂದು ಸಾಲು: ಇವತ್ತಿನ ಮಟ್ಟಿಗೆ ಮೆಸೇಜುಗಳ ಸದ್ದು ನಿಲ್ಲಿಸಲಾಗಿದೆ.

"ಇದು ಆಟೊಮ್ಯಾಟಿಕ್ ಅಲ್ಲ," ಎಂದರು ಇನ್‌ಸ್ಪೆಕ್ಟರ್. "ಇದಕ್ಕೆ ಬೆರಳು ಬೇಕು."

"ಮೀಟಿಂಗ್ ನಡೀತಿತ್ತು. ಒಂದೇ ಸಮನೆ ಗುಯ್‌ಗುಡ್ತಿತ್ತು."

"ಒಳಗೊಬ್ಬರು ಬಾಗಿಲು ಬಡೀತಿದ್ದಾರೆ ಅಂತ ಗೊತ್ತಿತ್ತು?"



ಯಾವ ವಸ್ತುವೂ ಕಳೆದಿಲ್ಲವೆಂದು ಯಜಮಾನಿಯಿಂದಲೇ ಬರೆಸಿಕೊಂಡು ಕಳ್ಳತನದ ದೂರನ್ನು ಮುಕ್ತಾಯಗೊಳಿಸಲಾಯಿತು. ಅಕ್ರಮವಾಗಿ ಕೂಡಿಹಾಕಿದ್ದು, ಸುಳ್ಳು ದೂರು ಕೊಟ್ಟದ್ದು, ಇವೆರಡಕ್ಕೂ FIR ದಾಖಲಾಯಿತು. 5.40ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಯಜಮಾನಿಯನ್ನು ಬಂಧಿಸಿದರು.

ಬೀಗಕ್ಕೆ ಆ ಆಜ್ಞೆ ಕೊಟ್ಟ ದಿನವೂ ದಾಖಲೆಯಲ್ಲಿತ್ತು: ಮಾರ್ಚ್ 9. ಗಂಡನಿರುವ ಕಡೆಯೇ ಕೆಲಸ ನೋಡಿಕೊಳ್ಳುತ್ತೇನೆ, ಮುಂದಿನ ತಿಂಗಳು ಬಿಡುತ್ತೇನೆ ಎಂದು ಕೆಲಸದಾಕೆ ಹೇಳಿದ್ದು ಮಾರ್ಚ್ 8ರಂದು.

ಹೇಳಿಕೆ ಕೊಡುವಾಗ ಯಜಮಾನಿಯ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಇವಳು ಮೂರನೆಯವಳು. ಹಿಂದಿನ ಇಬ್ಬರು ನಾನಿಲ್ಲದಾಗ ಹೇಳದೆ ಕೇಳದೆ ಹೋದ್ರು. ಪ್ರತಿ ಸಲ ಮೊದಲಿಂದ ಕಲಿಸ್ಬೇಕು ಸಾರ್. ಯಾವ ಡಬ್ಬ ಎಲ್ಲಿ, ಯಾವ ಬಟ್ಟೆ ಬಿಸಿನೀರಿಗೆ, ಯಾವುದು ತಣ್ಣೀರಿಗೆ. ನನಗೆ ಸಾಕಾಗಿತ್ತು."

ಮಾವ ಪೆನ್ನು ನಿಲ್ಲಿಸಿ ಕಾದರು. ಇನ್ನೇನಾದರೂ ಬರಬಹುದೆಂದುಕೊಂಡಿದ್ದರು.

"ಇಷ್ಟೇನಾ ಸಾರ್?"

"ಇಷ್ಟೇ. ಅವರ ಮಾತಲ್ಲೇ ಬರೀರಿ ಮಾವ."