ಹನ್ನೊಂದನೇ ಪುಟದ ಸಾಲು

"ಹೊರಗೆ ಅವರಿಬ್ಬರು ಏನು ಮಾತಾಡ್ಕೊಳ್ತಿದ್ದಾರೆ?"

ಅವಳು ಅವನನ್ನು ಕೇಳಿದ ಮೊಟ್ಟಮೊದಲ ಪ್ರಶ್ನೆ ಇದು. ಕೇಳಿದ್ದು ಬಾಯಿಂದಲ್ಲ, ಕೈಯಿಂದ. ಐದನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋದಮೇಲೆ ಅವಳ ಮಾತೆಲ್ಲ ಸನ್ನೆ ಭಾಷೆಯಲ್ಲೇ. ಅಂಗವಿಕಲರ ಹಕ್ಕುಗಳ ಪ್ರಾದೇಶಿಕ ಕಚೇರಿಯಲ್ಲಿ ಅವಳು ವಿಚಾರಣಾಧಿಕಾರಿ. ಅವನು ಆ ಬೆಳಿಗ್ಗೆಯಷ್ಟೇ ಸೇರಿದ ದುಭಾಷಿ. ಅವಳ ಸನ್ನೆಗೆ ದನಿ ಕೊಡುವುದು, ಉಳಿದವರ ಮಾತನ್ನು ಸನ್ನೆಯಲ್ಲಿ ಅವಳಿಗೆ ಒಪ್ಪಿಸುವುದು ಅವನ ಕೆಲಸ.

ಗಾಜಿನ ಬಾಗಿಲಾಚೆ ಜವಾನನೂ ಸ್ಟೆನೋ ಮೇಡಮ್ಮೂ ನಿಂತಿದ್ದರು. ಅವನು ಒಂದು ಕ್ಷಣ ಕಿವಿಗೊಟ್ಟು ಕೈಯೆತ್ತಿದ.

"ಜವಾನ ಹೇಳ್ತಿದ್ದಾನೆ, ಮೇಡಂಗೆ ಮೂಗಿನ ತುದೀಲೇ ಕೋಪ, ಈ ಹೊಸಬ ಒಂದು ವಾರ ಬಾಳಿದ್ರೆ ಹೆಚ್ಚು ಅಂತ. ಸ್ಟೆನೋ ಹೇಳ್ತಿದ್ದಾರೆ, ಪಾಪ, ನೋಡೋಕೆ ಚೆನ್ನಾಗಿದ್ದಾನೆ ಅಂತ."

ಅವನ ಮುಖ ಕೆಂಪಾಗಿತ್ತು. ಆದರೂ ಒಂದಕ್ಷರ ಬಿಟ್ಟಿರಲಿಲ್ಲ!

ಅವಳಿಗೆ ನಗು ತಡೆಯಲಾಗಲಿಲ್ಲ. "ಹೀಗೇ ಇರಲಿ. ಬೈಗುಳ ಬಂದ್ರೆ ಬೈಗುಳ, ಕೆಮ್ಮು ಬಂದ್ರೆ ಕೆಮ್ಮು. ನನಗೆ ಏನು ಗೊತ್ತಾಗಬೇಕು, ಏನು ಬೇಡ ಅಂತ ನೀವು ತೀರ್ಮಾನ ಮಾಡೋ ಹಾಗಿಲ್ಲ."

ಕಚೇರಿಯ ನಿಯಮಪುಸ್ತಕದಲ್ಲೂ ಇದು ಇತ್ತು. ಆದರೆ ಅವಳು ಕಲಿತದ್ದು ಮನೆಯ ಊಟದ ಮೇಜಿನಲ್ಲಿ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದಾಗ ಅವಳು ಅಮ್ಮನ ತೋಳು ಜಗ್ಗುತ್ತಿದ್ದಳು. ಅಮ್ಮ ಕೈಬೀಸಿ ಹೇಳುತ್ತಿದ್ದದ್ದು ಒಂದೇ ಮಾತು: "ಏನಿಲ್ಲ ಪುಟ್ಟಿ, ಆಮೇಲೆ ಹೇಳ್ತೀನಿ."

ಆ 'ಆಮೇಲೆ' ಯಾವತ್ತೂ ಬರಲಿಲ್ಲ.

ಜವಾನನ ಲೆಕ್ಕ ತಪ್ಪಿತು. ಹೊಸಬ ಎಂಟು ತಿಂಗಳು ಬಾಳಿದ. ಕೈಗಳು ಎದ್ದು ಕಾಣಲೆಂದು ದಿನವೂ ಕಪ್ಪು ಅಂಗಿ ಹಾಕುತ್ತಿದ್ದ, ಕಿಟಕಿಯ ಬೆಳಕು ತನ್ನ ಬೆರಳ ಮೇಲೆ ಬೀಳುವಂತೆ ಕುರ್ಚಿ ಎಳೆದುಕೊಳ್ಳುತ್ತಿದ್ದ. ಮಾತು ಮುಗಿದ ಮೇಲೂ ಅವಳು ಆ ಕೈಗಳನ್ನೇ ನೋಡುತ್ತಿರುತ್ತಿದ್ದಳು. ಅದನ್ನು ಅವಳಿಗಿಂತ ಮೊದಲು ಗಮನಿಸಿದ್ದು ಸ್ಟೆನೋ. ಪ್ರೀತಿ ಎಂಬ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ...

ಆಮೇಲೆ ಸ್ಟೂಲಿನ ಪ್ರಕರಣ ಬಂತು.

ಪಾರ್ಸೆಲ್ ಗೋದಾಮಿನಲ್ಲಿ ಪ್ಯಾಕಿಂಗ್ ಮಾಡುವ ಹೆಂಗಸೊಬ್ಬಳ ಎಡಗಾಲಿಗೆ ಶಕ್ತಿ ಇರಲಿಲ್ಲ. ಕೂತು ಕೆಲಸ ಮಾಡಲು ಒಂದು ಸ್ಟೂಲು ಕೇಳಿದ್ದಳು. ಮ್ಯಾನೇಜರು, ಇವಳಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದು ಪಟ್ಟು ಹಿಡಿದಿದ್ದ. ವಿಚಾರಣೆ ಒಂದು ಗಂಟೆಯಲ್ಲಿ ಮುಗಿಯಿತು.

ಮರುದಿನ ಅವಳು ಸ್ಟೆನೋ ಟೈಪ್ ಮಾಡಿದ ನಡಾವಳಿ ಓದುತ್ತಿದ್ದಳು. ಹನ್ನೊಂದನೇ ಪುಟದಲ್ಲಿ ಕೈ ನಿಂತಿತು. ಅಲ್ಲಿ ಮ್ಯಾನೇಜರು ತನ್ನ ವಕೀಲನಿಗೆ ಹೇಳಿದ ಮಾತೊಂದಿತ್ತು. ಅವಳಿಗೆ ಯಾರೂ ತಲುಪಿಸದ ಮಾತು.

'ಕಿವಿ ಕೇಳದ ಹೆಂಗಸಿನ ಮುಂದೆ ನ್ಯಾಯ ಅಂತೆ! ಬೊಂಬೆ ಮುಂದೆ ಕೈಕಟ್ಟಿ ಕೂತ ಹಾಗಿದೆ.'

ಅವಳು ಅವನನ್ನು ಕರೆದು ಆ ಸಾಲಿನ ಮೇಲೆ ಬೆರಳಿಟ್ಟಳು. "ಇದು ನಿಮ್ಮ ಕಿವಿಗೆ ಬಿದ್ದಿತ್ತಾ?"

"ಬಿದ್ದಿತ್ತು."

"ಯಾಕೆ ಹೇಳಲಿಲ್ಲ?"

"ನಿಮಗೆ ನೋವಾಗುತ್ತೆ ಅಂತ..."

"ಮೊದಲನೇ ದಿನ ನೋವಿನ ಯೋಚನೆ ಬಂದಿತ್ತಾ?"

"ಇಲ್ಲ."

"ಯಾಕೆ?"

"ಅವತ್ತು ನೀವು ನನಗೆ ಯಾರೂ ಆಗಿರಲಿಲ್ಲ."

ಅವಳ ಎದೆ ಒಮ್ಮೆ ಜೋರಾಗಿ ಹೊಡೆದುಕೊಂಡಿತು. ಮರುಕ್ಷಣವೇ ಅದು ಕೋಪಕ್ಕೆ ತಿರುಗಿತು. 'ಕನಿಕರ! ಇವನದೂ ಕೊನೆಗೆ ಕನಿಕರವೇ! ಅಮ್ಮನ "ಆಮೇಲೆ", ಇವನ ಮೌನ, ಎರಡೂ ಒಂದೇ!'

"ಹಾಗಿದ್ರೆ ನಾನು ನಿಮಗೆ ಯಾರೂ ಆಗದೇ ಇರೋದೇ ವಾಸಿ," ಎಂದಳು.

ಅಂದೇ ಎರಡು ಆದೇಶ ಹೊರಬಿದ್ದವು. ಒಂದು, ಅಧಿಕಾರಿಗೆ ಎಲ್ಲ ಮಾತೂ ತಲುಪಿಲ್ಲವಾದ್ದರಿಂದ ವಿಚಾರಣೆ ಮೂರು ವಾರದ ನಂತರ ಮತ್ತೆ ನಡೆಯಬೇಕು. ಎರಡು, ಅವಳ ವಿಚಾರಣೆಗಳಿಗೆ ಈ ದುಭಾಷಿ ಬೇಡ.

ಪ್ಯಾಕಿಂಗ್ ಹೆಂಗಸು ಕಚೇರಿಗೆ ಬಂದು ಕೇಳಿದಳು, "ಹಾಗಾದ್ರೆ ಇನ್ನೂ ಮೂರು ವಾರ ನಿಂತೇ ಕೆಲಸ ಮಾಡ್ಬೇಕಾ?" ಅವಳಿಗೆ ಉತ್ತರ ಹೇಳಬೇಕಾದ ದುಭಾಷಿ ಮೂಲೆಯ ಮೇಜಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

ಪಕ್ಕದ ಕಚೇರಿಯಿಂದ ಬಂದ ಹೊಸ ದುಭಾಷಿ ಅಚ್ಚುಕಟ್ಟಿನ ಹೆಂಗಸು. ಕೆಮ್ಮನ್ನೂ ಬಿಡುತ್ತಿರಲಿಲ್ಲ. ಆದರೆ ಸಂಜೆ ಮನೆಗೆ ಹೋದಮೇಲೆ ಆಕೆಯ ಕೈಗಳು ಹೇಗಿದ್ದವೆಂದು ಅಧಿಕಾರಿಗೆ ನೆನಪೇ ಆಗುತ್ತಿರಲಿಲ್ಲ. 'ಬೇಡ ಅಂದವಳು ನಾನೇ ತಾನೇ?' ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು. ಗದರಿದರೆ ಕೇಳುವ ಮನಸ್ಸಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮೂರು ವಾರ ಕಳೆಯಿತು. ವಿಚಾರಣೆ ಶುರುವಾಗುತ್ತಿದ್ದಂತೆ ಅವನು ಒಳಗೆ ಬಂದ. ಯಾರೂ ಕರೆದಿರಲಿಲ್ಲ. ಬಾಯಿಂದಲೂ ಕೈಯಿಂದಲೂ ಒಟ್ಟಿಗೆ ಹೇಳಿದ.

"ಹಿಂದಿನ ವಿಚಾರಣೇಲಿ ನಾನು ಒಂದು ಮಾತು ನುಂಗಿದ್ದೆ. ತಪ್ಪು ನಂದು. ಅದನ್ನ ಈಗ ಒಪ್ಪಿಸ್ತೀನಿ, ದಾಖಲು ಮಾಡ್ಕೊಳ್ಳಿ."

ಆಮೇಲೆ ಅವಳ ಮುಖ ನೋಡುತ್ತಲೇ ಆ ಸಾಲನ್ನು ಪೂರ್ತಿ ಹೇಳಿದ. ಬೊಂಬೆಯನ್ನೂ ಬಿಡಲಿಲ್ಲ. ಮ್ಯಾನೇಜರನ ಅಸಡ್ಡೆಯ ನಗುವನ್ನೂ ಮುಖದಲ್ಲಿ ತಂದ.

ಮ್ಯಾನೇಜರು ಮೇಜಿನ ಮೇಲಿನ ಪೆನ್ನು ನೋಡುತ್ತ ಕೂತ.

ಅವಳಿಗೆ ನೋವಾಯಿತು. ನಿಜಕ್ಕೂ ಆಯಿತು. ಆದರೆ ಆ ನೋವು ಅವಳದು, ಅವಳ ಕೈಗೇ ಬಂದಿತ್ತು. ಅವಳು ಮ್ಯಾನೇಜರನ ಕಡೆ ತಿರುಗಿದಳು.

"ನನ್ನ ಕಿವಿ ಬಗ್ಗೆ ನಿಮ್ಮ ಅಭಿಪ್ರಾಯ ದಾಖಲಾಯ್ತು. ಈಗ ಸ್ಟೂಲಿನ ಬಗ್ಗೆ ಹೇಳಿ."

ಸ್ಟೆನೋ ಬಾಯಿಗೆ ಸೆರಗು ಅಡ್ಡ ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ಆದೇಶವಾಯಿತು: ಸ್ಟೂಲು ನಾಳೆಯೇ ಕೊಡಬೇಕು.

ಕಾರಿಡಾರಿನಲ್ಲಿ ಅವನು ಕಾಯುತ್ತಿದ್ದ.

"ಒಂದು ಮಾತಿದೆ. ಇದು ಯಾರ ಪರವಾಗಿಯೂ ಅಲ್ಲ, ನಂದೇ."

"ಹೇಳಿ. ಪೂರ್ತಿ ಹೇಳಿ."

ಎಂಟು ತಿಂಗಳು ಊರವರ ಮಾತನ್ನೆಲ್ಲ ಸಲೀಸಾಗಿ ಸಾಗಿಸಿದ ಕೈಗಳು ಈಗ ತಡವರಿಸಿದವು. "ನಿಮ್ಮನ್ನ ಪ್ರೀತಿಸ್ತೀನಿ. ಅದು ಕನಿಕರ ಆಗಿರಲಿಲ್ಲ, ಹೆದರಿಕೆ. ಆ ಮಾತು ನನ್ನ ಕೈಯಿಂದ ನಿಮಗೆ ತಗಲೋದು ನನಗೆ ಬೇಡವಾಗಿತ್ತು... ನಿಮಗೋಸ್ಕರ ಅಂದ್ಕೊಂಡೆ. ನನಗೋಸ್ಕರ ಮುಚ್ಚಿಟ್ಟಿದ್ದೆ."

ಅವಳ ಕಣ್ಣು ತುಂಬಿ ಬಂತು. ಕೈ ಮಾತ್ರ ಅಧಿಕಾರಿಯದೇ. "ಭಾನುವಾರ ನಮ್ಮನೆಗೆ ಊಟಕ್ಕೆ ಬನ್ನಿ. ಎಷ್ಟು ಹೇಳ್ತೀರಿ ನೋಡೋಣ."

ಭಾನುವಾರ ಅದೇ ಮೇಜು, ಅದೇ ಗದ್ದಲ. ಸೋದರತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು ಅಮ್ಮನ ಕಡೆ ವಾಲಿದಳು. ಅವನು ತಕ್ಷಣ ಕೈಯೆತ್ತಿದ.

"ಅತ್ತೆ ಹೇಳ್ತಿದ್ದಾರೆ, ಹುಡುಗ ಪರವಾಗಿಲ್ಲ, ಆದ್ರೆ ಕಿವಿ ಎರಡೂ ಪಾತ್ರೆ ಹಿಡಿಕೆ ಹಾಗಿವೆ ಅಂತ."

ಅವಳು ಪಕ್ಕೆ ಹಿಡಿದು ನಕ್ಕಳು. ಎಲ್ಲರ ಜೊತೆ, ಎಲ್ಲರೂ ನಕ್ಕ ಹೊತ್ತಿಗೇ ನಕ್ಕಳು! ಅತ್ತೆ ನಾಲಿಗೆ ಕಚ್ಚಿಕೊಂಡಳು.

ಅಮ್ಮ ಮೆಲ್ಲಗೆ ಅವನನ್ನು ಕೇಳಿದಳು. ಅದೂ ಕೈಗೆ ಬಂತು. "ಅಮ್ಮ ಕೇಳ್ತಿದ್ದಾರೆ, ಇವಳ ಕೋಪ ತಡ್ಕೋತೀಯೇನಪ್ಪಾ ಅಂತ."

"ಅಯ್ಯೋ, ಅದನ್ನೂ ಹೇಳಿಬಿಟ್ಯಾ!"

"ಅಯ್ಯೋ, ಅದನ್ನೂ ಹೇಳಿಬಿಟ್ಯಾ, ಅಂತಿದ್ದಾರೆ."

ಅಮ್ಮ ಮಗಳ ನಗುಮುಖವನ್ನೇ ನೋಡುತ್ತಾ ಕೂತಳು. ಇಷ್ಟು ವರ್ಷ ಏನು ತಪ್ಪಿಸಿದ್ದೆನೆಂದು ಈಗ ತಿಳಿದಂತಿತ್ತು. ಕಣ್ಣೊರೆಸಿಕೊಂಡು ಬಡಿಸಲು ಎದ್ದಳು.

ಅವನ ತಟ್ಟೆ ಮುಟ್ಟದೆ ಹಾಗೇ ಇತ್ತು. ಅವಳು ಅದನ್ನು ಅವನತ್ತ ತಳ್ಳಿದಳು.

"ಆರಿಹೋಗ್ತಿದೆ, ಊಟ ಮಾಡಿ."

"ನಾನು ಊಟಕ್ಕೆ ಕೈ ಹಾಕಿದ್ರೆ ನಿಮಗೆ ಹೇಳೋರ್ಯಾರು?"

ಅವಳು ಅವನ ಕೈ ಹಿಡಿದು ಮೆಲ್ಲಗೆ ತಟ್ಟೆಯ ಮೇಲಿಟ್ಟಳು.

"ಆಮೇಲೆ ಹೇಳು," ಎಂದಳು.