ನಾಲ್ಕು ದಾರಿ, ಒಬ್ಬ ಸಾರ್ಜೆಂಟ್

"ಹಣ ಕೊಡ್ತಾರೆ, ಸರಿ. ಆದ್ರೆ ಓದಿದ ಮೇಲೆ ನೀವು ಯಾವ ಡಾಕ್ಟರ್ ಆಗಬೇಕು ಅಂತ ಹೇಳೋರು ಯಾರು? ನೀವೋ, ಸೇನೆಯೋ? ಅದನ್ನ ಮೊದಲು ಕೇಳ್ಕೊಳ್ಳಿ!"

ಹಿಂದಿನ ಸಾಲಿನಿಂದ ಬಂದ ಆ ದನಿಗೆ ಕೆಂಡ್ರಾ ಗಕ್ಕನೆ ತಿರುಗಿದಳು.

ಕ್ಲಾರ್ಕ್ಸ್‌ವಿಲ್ ಗ್ರಂಥಾಲಯದ ಸಣ್ಣ ಸಭಾಂಗಣ. ವೈದ್ಯಕೀಯ ಓದಿಗೆ ಸೇನೆ ಹೇಗೆಲ್ಲ ಹಣ ಕೊಡುತ್ತದೆ ಎಂದು ಕ್ಯಾಪ್ಟನ್ ಮರ್ಕಾಡೋ ಎಂಬ ಅಧಿಕಾರಿಣಿ ವಿವರಿಸುತ್ತಿದ್ದಳು. ಕೆಂಡ್ರಾ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸಹಾಯಕಿ. ಪಾಳಿ ಮುಗಿಸಿ, ಕಣ್ಣು ಎಳೆಯುತ್ತಿದ್ದರೂ ಬಂದು ಕೂತಿದ್ದಳು. ಮೆಂಫಿಸ್‌ನ ಮೆಡಿಕಲ್ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಫೀಸಿಗೆ ಮಾತ್ರ ದಾರಿ ಸಿಕ್ಕಿರಲಿಲ್ಲ.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಬೇಕಾ?" ಅಂದಳು ಸಿಡುಕಿನಿಂದ. "ಸೇನೆ ಕಂಡ್ರೆ ಆಗಲ್ಲ ಅಂದ್ರೆ ಎದ್ದು ಹೋಗಿ!"

"ಎದ್ದು ಹೋಗೋಕೆ ಬಿಡಲ್ವಲ್ಲ... ಹನ್ನೆರಡು ವರ್ಷದಿಂದ ಅದರಲ್ಲೇ ಇದೀನಿ."

ಎಲ್ಲರೂ ನಕ್ಕರು. ಅವನೂ ನಕ್ಕ. ಹೆಸರು ಟೆರೆಲ್ ಹಾಬ್ಸ್, ಸ್ಟಾಫ್ ಸಾರ್ಜೆಂಟ್, ಗಾಯಗೊಂಡ ಸೈನಿಕರಿಗೆ ಮೊದಲ ಚಿಕಿತ್ಸೆ ಕೊಡುವ ಮೆಡಿಕ್. ಬರೀ ಸಿಹಿ ಮಾತು ಕೇಳಿ ಯಾರೂ ಸಹಿ ಹಾಕಬಾರದೆಂದು ಕ್ಯಾಪ್ಟನ್ನೇ ಅವನನ್ನು ಕರೆಸಿದ್ದಳಂತೆ. ಕೆಂಡ್ರಾಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನಿಸಿತು.

ಜಗಳದಿಂದ ಶುರುವಾದದ್ದು ಕಾಫಿಗೆ ಬಂತು. ಆಸ್ಪತ್ರೆ ಎದುರಿನ ಹೋಟೆಲಿನಲ್ಲಿ ಟೆರೆಲ್ ಮೇಜಿನ ಮೇಲಿದ್ದುದನ್ನೆಲ್ಲ ಸಾಲಾಗಿ ಇಟ್ಟ.

"ಈ ಕೆಚಪ್ ಬಾಟಲಿ ಸ್ಕಾಲರ್‌ಶಿಪ್. ನಿನಗಿಷ್ಟದ ಕಾಲೇಜಲ್ಲಿ ಓದು, ಫೀಸು ಸೇನೆದು, ಕೈಖರ್ಚಿಗೂ ಕೊಡ್ತಾರೆ. ನಾಲ್ಕು ವರ್ಷ ಓದಿದ್ರೆ ನಾಲ್ಕು ವರ್ಷ ದುಡಿ. ಸಾಸಿವೆ ಬಾಟಲಿ ಸೇನೆದೇ ಮೆಡಿಕಲ್ ಕಾಲೇಜು. ಓದ್ತಾ ಇರುವಾಗ್ಲೇ ಪೂರ್ತಿ ಸಂಬಳ, ಆದ್ರೆ ಏಳು ವರ್ಷ ಬಿಡಲ್ಲ."

"ಉಪ್ಪು?"

"ನ್ಯಾಷನಲ್ ಗಾರ್ಡ್, ರಾಜ್ಯದ ಮೀಸಲು ಪಡೆ. ಊರು ಬಿಡಬೇಕಾಗಿಲ್ಲ, ತಿಂಗಳಿಗೊಂದು ವಾರಾಂತ್ಯ ಕವಾಯತು. ಕೊಡೋದೂ ಅಷ್ಟಕ್ಕಷ್ಟೇ. ಮೆಣಸು ಅಂದ್ರೆ ಈಗ ಸಾಲ ಮಾಡಿ ಓದೋದು. ಡಾಕ್ಟರಾಗಿ ತರಬೇತಿಗೆ ಸೇರಿದಾಗ ಬೇಕಿದ್ರೆ ಸೇನೆ ಸೇರು, ಆಗ ದುಡ್ಡು ಕೊಡ್ತಾರೆ."

"ನೀನಾಗಿದ್ರೆ ಯಾವುದು?"

"ನಾನಾಗಿದ್ರೆ ನಿದ್ದೆ!" ಅಂದ.

ನಿಜ. ಅವನಿಗೂ ನಿದ್ದೆ ಬಾಕಿ, ಅವಳಿಗೂ ಬಾಕಿ. ಬೇರೆ ಪ್ರೇಮಿಗಳು ಕಣ್ಣಲ್ಲಿ ಕಣ್ಣಿಟ್ಟು ಕೂರುತ್ತಾರೆ, ಇವರು ಎದುರುಬದುರು ಕೂತು ಆಕಳಿಸುತ್ತಿದ್ದರು! ಒಂದು ಮಧ್ಯಾಹ್ನ ಅವನ ಕಾರಿನಲ್ಲಿ ಮಾತಾಡುತ್ತ ಮಾತಾಡುತ್ತ ಅವಳು ಅವನ ಭುಜಕ್ಕೆ ಒರಗಿ ಮಲಗಿಬಿಟ್ಟಳು. ಎದ್ದಾಗ ಅವನು ಮಿಸುಕದೆ ಹಾಗೇ ಕೂತಿದ್ದ.

"ಎಬ್ಬಿಸಬಾರದಿತ್ತಾ?"

"ಎಬ್ಬಿಸೋಕೆ ಮನಸ್ಸು ಬರಲಿಲ್ಲ ಕಣೇ..."

ಅವತ್ತೇ ಕೆಂಡ್ರಾ ಒಳಗೊಳಗೇ ತೀರ್ಮಾನಿಸಿದಳು. ಮೆಣಸಿನ ದಾರಿಯೇ ಸರಿ. ಸಾಲವಾದರೆ ಆಗಲಿ, ಸದ್ಯಕ್ಕೆ ಯಾವ ಸಹಿಯೂ ಬೇಡ. ಅವನು ಎಲ್ಲಿರುತ್ತಾನೋ ಅಲ್ಲಿಗೆ ಆಮೇಲೆ ಹೋಗಬಹುದು.

ಖುಷಿಯಿಂದ ಹೇಳಿದಳು. ಟೆರೆಲ್ ಮುಖ ಗಂಟಿಕ್ಕಿದ.

"ಹುಚ್ಚಾ ನಿನಗೆ? ತಲೆ ನರೆತರೂ ಆ ಸಾಲ ತೀರಲ್ಲ. ಸ್ಕಾಲರ್‌ಶಿಪ್ ತಗೋ. ಶುಕ್ರವಾರವೇ ಕೊನೆ ದಿನ, ಅಷ್ಟರೊಳಗೆ ಸಹಿ ಹಾಕು."

"ಸಹಿ ಹಾಕಿದ್ರೆ ಆಮೇಲೆ ನನ್ನ ಎಲ್ಲಿಗೆ ಹಾಕ್ತಾರೋ... ನೀನೊಂದು ಕಡೆ, ನಾನೊಂದು ಕಡೆ!"

"ಅದೇ ಒಳ್ಳೇದು," ಅಂದ ಅವನು, ಕಿಟಕಿ ಕಡೆ ನೋಡುತ್ತ.

ಅಲ್ಲಿಂದ ಅವನು ಫೋನ್ ಎತ್ತಲಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಎದುರಾದಾಗ ಒಂದು ಹೆಜ್ಜೆ ಹಿಂದೆ ಸರಿದು, "ಚೆನ್ನಾಗಿದೀರಾ ಮೇಡಂ?" ಅಂದ.

ಮೇಡಂ! ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. 'ಬೇಜಾರಾಗಿರಬೇಕು ನನ್ನಿಂದ... ದೂರ ಕಳಿಸೋಕೆ ದಾರಿ ಹುಡುಕ್ತಿದ್ದ, ಸಿಕ್ತು,' ಅಂದುಕೊಂಡಳು. ಅಳುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ.

ತಾಯಿ ವಾಂಡಾ ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿಯುವವಳು. ಮಗಳ ಮುಂದೆ ಬೀನ್ಸ್ ಬಟ್ಟಲು ಇಟ್ಟು ಕೇಳಿದಳು, "ಆ ಸಾರ್ಜೆಂಟ್ ಎಲ್ಲೇ?"

"ಬಿಟ್ಟ ಅಮ್ಮ."

"ಬಿಟ್ಟೆ ಅಂತ ಅವನ ಬಾಯಲ್ಲಿ ಹೇಳಿದ್ನಾ, ನೀನೇ ತಿಳ್ಕೊಂಡ್ಯಾ?"

ಕೆಂಡ್ರಾ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಎದ್ದಳು. ಶುಕ್ರವಾರ ಬೆಳಿಗ್ಗೆ ನೇರ ಕ್ಯಾಪ್ಟನ್ ಮರ್ಕಾಡೋ ಕಚೇರಿಗೆ ಹೋದಳು. ಅವನೇ ಬೇಡವಾದ ಮೇಲೆ ಯಾರಿಗಾಗಿ ಸಾಲ ಹೊರಬೇಕು?

"ಸ್ಕಾಲರ್‌ಶಿಪ್ಪೇ ಇರಲಿ," ಅಂದಳು.

"ಒಳ್ಳೇದು. ಪ್ರಮಾಣವಚನ ತಗೊಂಡ ಗಳಿಗೆಯಿಂದ ನೀನು ಸೆಕೆಂಡ್ ಲೆಫ್ಟಿನೆಂಟ್, ಅಧಿಕಾರಿ. ಅದಕ್ಕೆ ಮುಂಚೆ ಒಂದು ಮಾತು... ಸೈನಿಕರಲ್ಲಿ ಯಾರ ಜೊತೆಗಾದ್ರೂ ಪ್ರೀತಿಗೀತಿ ಇದೆಯಾ? ಅಧಿಕಾರಿಗಳು ಕೆಳಗಿನ ದರ್ಜೆಯವರ ಜೊತೆ ಓಡಾಡೋ ಹಾಗಿಲ್ಲ."

"ಸಾರ್ಜೆಂಟ್ ಕೂಡಾ...?"

"ಸಾರ್ಜೆಂಟ್ ಕೂಡಾ. ಇಬ್ಬರ ಹೆಸರಿಗೂ ಕಪ್ಪು ಮಸಿ."

ಕೆಂಡ್ರಾಗೆ ಕೂತ ಕುರ್ಚಿಯೇ ಅಲುಗಿದಂತಾಯಿತು. ಟೆರೆಲ್ ಮೇಡಂ ಅಂದದ್ದು ಅದಕ್ಕಾ! ಹಿಂದೆ ಸರಿದದ್ದು...

"ಆದ್ರೆ ಮೊದಲಿಂದಲೇ ಪ್ರೀತಿ ಇದ್ರೆ ಒಂದು ವರ್ಷ ಕಾಲ ಕೊಡ್ತಾರೆ," ಕ್ಯಾಪ್ಟನ್ ಮುಂದುವರಿಸಿದಳು. "ಅಷ್ಟರೊಳಗೆ ಬಿಡಬೇಕು, ಇಲ್ಲಾ ಮದುವೆ ಆಗಬೇಕು. ನಿಯಮದ ಮೊದಲರ್ಧ ನಮ್ಮ ಹುಡುಗರಿಗೆಲ್ಲ ಬಾಯಿಪಾಠ. ಉಳಿದರ್ಧ ಯಾವನೂ ಓದಲ್ಲ."

"ಸಂಜೆವರೆಗೆ ಸಮಯ ಕೊಡಿ ಮೇಡಂ!" ಎಂದವಳೇ ಓಡಿದಳು.

ಟೆರೆಲ್ ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೂತಿದ್ದ. ತೊಡೆಯ ಮೇಲೆ ಒದ್ದೆ ಸಮವಸ್ತ್ರ. ಒಣಗಿಸುವ ಯಂತ್ರಕ್ಕೆ ಹಾಕುವುದನ್ನೂ ಮರೆತಿದ್ದ.

"ನನ್ನ ಪ್ರೀತಿಸ್ತೀಯಾ, ಇಲ್ವಾ? ಅಷ್ಟು ಹೇಳು."

"ಕೆಂಡ್ರಾ... ನೀನು ಅಧಿಕಾರಿ ಆಗೋಳು. ನಾನು..."

"ಕೇಳಿದ್ದಕ್ಕೆ ಉತ್ತರ ಕೊಡು!"

ಅವನು ಬಟ್ಟೆ ಪಕ್ಕಕ್ಕಿಟ್ಟ. ಕಣ್ಣು ಕೆಂಪಾಗಿದ್ದವು.

"ಪ್ರೀತಿಸ್ತೀನಿ ಕಣೇ. ಅದಕ್ಕೇ ದೂರ ಇದ್ದೆ. ಈ ನಿಯಮ ಇದೆ ಅಂತ ಹೇಳಿದ್ದಿದ್ರೆ ನೀನು ಸ್ಕಾಲರ್‌ಶಿಪ್ ಬಿಟ್ಟು ಸಾಲ ಹೊರ್ತಿದ್ದೆ, ನಂಗೊತ್ತು. ಸೇನೆ ಬಿಟ್ಟುಬಿಡೋಣ ಅಂತಾನೂ ಅನಿಸ್ತು. ಆದ್ರೆ ಈಗ ಬಿಟ್ರೆ ಪಿಂಚಣಿ ಇಲ್ಲ, ಬೇರೆ ಕೆಲಸಾನೂ ಬರಲ್ಲ ನಂಗೆ. ಸಾಕಾಗಿದೆ ಕೆಂಡ್ರಾ... ಯೋಚನೆ ಮಾಡಿ ಮಾಡಿ ಸಾಕಾಗಿದೆ."

"ಒಬ್ಬನೇ ಯಾಕೆ ಮಾಡ್ದೆ? ನಾನೇನು ಸತ್ತಿದ್ನಾ?"

ಕ್ಯಾಪ್ಟನ್ ಹೇಳಿದ್ದನ್ನೆಲ್ಲ ಅವಳು ಹೇಳಿದಳು. ಅವನು ಬಾಯಿ ತೆರೆದು ಕೇಳಿದ.

"ಒಂದು ವರ್ಷ...? ಯಾರೂ ಹೇಳಲೇ ಇಲ್ವಲ್ಲೇ!"

"ಕೇಳಿದ್ರೆ ತಾನೇ ಹೇಳೋದು! ಅರ್ಧ ಓದಿ ಪೂರ್ತಿ ಮನಸ್ಸು ಮುರಿದ ಬೃಹಸ್ಪತಿ ನೀನು!"

ನಗಲು ಹೋಗಿ ಅತ್ತುಬಿಟ್ಟಳು. ಅವನು ಎದ್ದು ಅವಳನ್ನು ಎದೆಗೊತ್ತಿಕೊಂಡ. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಅಜ್ಜಿ ಮುಖ ಆಚೆ ತಿರುಗಿಸಿದಳು.

"ಮದುವೆ ಆದ್ರೂ ಒಂದೇ ಊರಿಗೆ ಹಾಕ್ತಾರೆ ಅನ್ನೋ ಖಾತ್ರಿ ಇಲ್ಲ," ಅಂದ ಅವನು, ಅವಳ ಕೂದಲಲ್ಲಿ ಮುಖವಿಟ್ಟು. "ಮತ್ತೆ ಮತ್ತೆ ಗಂಟುಮೂಟೆ ಕಟ್ಟಬೇಕು."

"ಒಬ್ಬಳೇ ಸುಸ್ತಾಗೋದಕ್ಕಿಂತ ಜೊತೇಲಿ ಸುಸ್ತಾಗೋದು ವಾಸಿ."

ಆ ಸಂಜೆ ಕೆಂಡ್ರಾ ಬಲಗೈ ಎತ್ತಿ ಪ್ರಮಾಣವಚನ ತೆಗೆದುಕೊಂಡಳು. ಹೊಸ ಅಧಿಕಾರಿಗೆ ಮೊದಲ ಸೆಲ್ಯೂಟ್ ಹೊಡೆದ ಸೈನಿಕನಿಗೆ ಬೆಳ್ಳಿ ಡಾಲರ್ ಒಂದನ್ನು ಕೊಡುವುದು ಅಲ್ಲಿನ ಸಂಪ್ರದಾಯ. ವಾಂಡಾ ಎಲ್ಲಿಂದಲೋ ನಾಣ್ಯ ಹೊಂದಿಸಿ ತಂದಿದ್ದಳು. ಇನ್ನೂ ತೇವವಾಗಿದ್ದ ಸಮವಸ್ತ್ರದಲ್ಲೇ ಟೆರೆಲ್ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಅವಳು ತಿರುಗಿ ಸೆಲ್ಯೂಟ್ ಮಾಡಿ, ನಾಣ್ಯ ಚಾಚಿದಳು.

"ಇದು ಯಾಕೆ ಕೊಡೋದು ಗೊತ್ತಾ?" ಮೆಲ್ಲಗೆ ಕೇಳಿದ. "ದಾರಿ ತೋರಿಸಿದವನ ಋಣ ತೀರಲಿ ಅಂತ. ಇದು ಕೊಟ್ರೆ ಲೆಕ್ಕ ಚುಕ್ತಾ."

ಕೆಂಡ್ರಾ ಕೈ ಹಿಂದಕ್ಕೆಳೆದು ಮುಷ್ಟಿ ಬಿಗಿ ಹಿಡಿದಳು.

"ಹಾಗಾದ್ರೆ ಕೊಡಲ್ಲ."

"ಸಂಪ್ರದಾಯ ಕಣೇ!"

"ಇರಲಿ. ನಿನ್ನ ಋಣ ತೀರೋದು ಬೇಡ ನಂಗೆ."

"ಎಲ್ಲಿವರೆಗೆ?"

"ನಮ್ಮಿಬ್ಬರನ್ನ ಎಲ್ಲಿವರೆಗೆ ಕಳಿಸ್ತಾರೋ, ಅಲ್ಲಿವರೆಗೆ."