ಅಜ್ಜ ಕಟ್ಟದ ಒಡ್ಡು

ಹೊಳೆಗೆ ಅಡ್ಡಗಟ್ಟಿ ಮೀನಿನ ದಾರಿ ಮುಚ್ಚಿದವರಿಗೇ ಸರ್ಕಾರ ದುಡ್ಡು ಕೊಡುತ್ತಿತ್ತು. ಒಡ್ಡು ಕಿತ್ತರೆ ಅನುದಾನ. ಸಮುದ್ರದ ಸಾಲ್ಮನ್ ಮೀನು ಮತ್ತೆ ಹೊಳೆಯಲ್ಲಿ ಮೇಲೇರಿ ಬಂದು ಮೊಟ್ಟೆ ಇಡಬೇಕಂತೆ. ಎಂದೂ ಅಡ್ಡಗಟ್ಟದೆ ಬಿಟ್ಟ ಹೆಲ್ದೂರನ ಮನೆತನಕ್ಕೆ ಬಿಡಿಗಾಸೂ ಇಲ್ಲ. ಪಕ್ಕದೂರಿನ ಉರ್ಮಸ್, ತನ್ನ ತಾತನ ಮುರುಕು ಗಿರಣಿಯ ಒಡ್ಡು ಕೀಳಿಸಿ ಹೊಸ ಟ್ರ್ಯಾಕ್ಟರ್ ತಂದಿದ್ದ. ಸೌನಾದ ಹಬೆಕೋಣೆಯಲ್ಲಿ ಕೂತು ಹೆಲ್ದೂರನನ್ನು ಚುಚ್ಚಿದ್ದ: "ನಿಮ್ಮಜ್ಜ ಸೋಮಾರಿ ಕಣಯ್ಯಾ. ಒಂದು ಒಡ್ಡಾದ್ರೂ ಹಾಕಿಟ್ಟು ಸತ್ತಿದ್ರೆ ನಿಂಗೂ ಗಿಟ್ತಿತ್ತು."

ಸತ್ತ ಅಜ್ಜನ ಹೆಸರಲ್ಲಿ ತಾನೇ ಕಟ್ಟಿದರಾಯಿತು ಎಂದುಕೊಂಡ ಹೆಲ್ದೂರ್. ಸಿಕ್ಕಿಬಿದ್ದರೆ ಜೈಲು, ಆದರೆ ಸಿಕ್ಕಿಬೀಳುವವರು ದಡ್ಡರು. ಹಿಮ ಕರಗಿದ ಮೇಲೆ, ಬಿದ್ದುಹೋದ ಕೊಟ್ಟಿಗೆಯ ಕಲ್ಲು, ಹಳೇ ಕುಲುಮೆಯ ತೊಲೆಗಳನ್ನು ಸಾಗಿಸಿ, ಮನೆಯಿಂದ ಕೆಳಗೆ, ನೀರು ಹರಿದುಹೋಗುವ ಕಡೆ, ಕಾಡಿನೊಳಗೆ ಹೊಳೆಗೆ ಗೋಡೆ ಎಬ್ಬಿಸಿದ. ಸಿಮೆಂಟು ಮುಟ್ಟಲಿಲ್ಲ. ಪಾಚಿ ಬೇಗ ಹಿಡಿಯಲೆಂದು ಕಲ್ಲಿಗೆಲ್ಲ ಮಜ್ಜಿಗೆ ಬಳಿದು ಪಾಚಿ ಮೆತ್ತಿದ. ಬೇಸಿಗೆ ಮುಗಿಯುವಷ್ಟರಲ್ಲಿ ಗೋಡೆಗೆ ನೂರು ವರ್ಷ ತುಂಬಿತು.

ಅಂಗಡಿಗೆ ಹೋದಾಗಲೆಲ್ಲ ಅಜ್ಜನ ಒಡ್ಡಿನ ಮಾತೆತ್ತುತ್ತಿದ್ದ. ಊರವರ ಬುದ್ಧಿಯ ಮೇಲೆ ಅವನಿಗೆ ಮೊದಲೇ ಗೌರವ ಕಡಿಮೆ. ಮುದುಕಿ ಲಾಯ್ನೆ, "ಹೂಂ ಕಣಪ್ಪಾ, ಚಿಕ್ಕೋಳಿದ್ದಾಗ ಅದ್ರ ಮೇಲಿಂದ ಜಾರಿ ಬಿದ್ದಿದ್ದೆ, ಮಂಡಿ ಇನ್ನೂ ನೋಯ್ತದೆ" ಎಂದಾಗ ಉಳಿದಿದ್ದ ಗೌರವವೂ ಹೋಯಿತು.

ಶರತ್ಕಾಲದಲ್ಲಿ ರಾಜಧಾನಿ ತಾಲ್ಲಿನ್‌ನಿಂದ ಅಧಿಕಾರಿ ಮಾರಿಕ ಬಂದಳು. ಸಾಲ್ಮನ್‌ಗಳು ನೆಗೆನೆಗೆದು ಗೋಡೆಗೆ ಬಡಿದು ಬೀಳುತ್ತಿದ್ದವು. ಆಕೆಯ ಕಣ್ಣು ಒದ್ದೆಯಾಯಿತು.

"ಪಾಪ! ನೂರು ವರ್ಷದಿಂದ ಹೀಗೇನಾ?"

"ಒಂದೂ ದಾಟಿಲ್ಲ. ನಮ್ಮಪ್ಪನೂ ಮೇಲ್ಗಡೆ ಸಾಲ್ಮನ್ ಕಂಡೋನಲ್ಲ," ಎಂದು ಹೆಲ್ದೂರ್ ಮೂಗು ಒರೆಸಿಕೊಂಡ. ಸರ್ಕಾರದ ಕಣ್ಣಲ್ಲಿ ನೀರು ತರಿಸುವುದು ಇಷ್ಟು ಸುಲಭವೇ ಎಂದು ಒಳಗೊಳಗೇ ನಗು.

ಅವಳು ಒಪ್ಪಿಗೆ ಕೊಟ್ಟಂತೆಯೇ ಆಗಿತ್ತು. ಖುಷಿಯಲ್ಲಿ ಊಟಕ್ಕೆ ಕರೆದ. ಹೊಳೆದಂಡೆಯ ಮನೆಯವರು ನೆಂಟರಿಗೆ ಕೊಂಡ ಮೀನು ಬಡಿಸುವುದು ಆ ಸೀಮೆಯಲ್ಲಿ ಮರ್ಯಾದೆಗೇಡು. ಹೆಂಡತಿ ಕಪ್ಪು ರೊಟ್ಟಿಯ ಜೊತೆ ಉಪ್ಪು ಹಾಕಿಟ್ಟ ಸಾಲ್ಮನ್ ತಂದಿಟ್ಟಳು. ಮಾರಿಕ ಬಾಯಿ ಚಪ್ಪರಿಸಿ, "ಆಹಾ, ಯಾವ ಅಂಗಡೀದು? ನಾನೂ ತಗೊಂಡು ಹೋಗ್ತೀನಿ" ಎಂದಳು. ಹೆಲ್ದೂರನಿಗೆ ಮೈಯೆಲ್ಲ ಉರಿದುಹೋಯಿತು. "ಅಂಗಡೀದಾ! ನಮ್ಮನೇಲಿ ಕೊಂಡ ಮೀನಾ? ಹೋದ ವರ್ಷ ನಾನೇ ಹಿಡಿದದ್ದು! ಇಲ್ಲೇ, ಈ ಕಿಟಕಿ ಕೆಳಗಿನ ಮಡುವಲ್ಲಿ!" ಹೆಂಡತಿ ತಟ್ಟೆ ಹಿಡಿದುಕೊಂಡು ನಿಂತಲ್ಲೇ ನಿಂತಳು. ಮಾರಿಕ ಕಿಟಕಿಯಾಚೆ ಮಡುವನ್ನು ನೋಡಿದಳು, ಅಲ್ಲಿಂದ ನೀರು ಒಡ್ಡಿನ ಕಡೆಗೆ ಇಳಿದುಹೋಗುತ್ತಿದ್ದುದನ್ನೂ ನೋಡಿದಳು. "ಹಾಗಾದ್ರೆ ಹೋದ ವರ್ಷ ನಿಮ್ಮಜ್ಜನ ಒಡ್ಡು ಎಲ್ಲಿತ್ತು, ಹೆಲ್ದೂರ್ ಅವ್ರೇ?"